ಮೂರು ಮಹಡಿಯ ಐಸ್‌ಕ್ರೀಮ್

ಶಂಕರಪುರ, ಕಾಪು ತಾಲೂಕು
ಜೂನ್ 22, ಆದಿತ್ಯವಾರ

ಪ್ರೀತಿಯ ಆಶ್ರಿತಾ ಮಗಳೇ,

ಸೊಂಟದ ನೋವು ಹೇಗುಂಟು? ಮೊದಲು ಅದನ್ನು ಹೇಳು. ವಾರ್ಡಿನಲ್ಲಿ ಡ್ಯೂಟಿ ಮುಗಿಯುವವರೆಗೂ ನಿಂತೇ ಇರಬೇಕು ಎಂದು ನೀನು ಹೇಳಿದಂದಿನಿಂದ ನನಗೆ ಇಲ್ಲಿ ಆರಾಮವಾಗಿ ಕುಳಿತು ಹೂ ಕಟ್ಟಲಿಕ್ಕೂ ಸಂಕೋಚ. ಈ ಕಾಗದದ ಜೊತೆಯ ಪಾರ್ಸೆಲ್ಲಿನಲ್ಲಿ ಕಾರ್ಕಳದಿಂದ ನಿನ್ನ ಅಮ್ಮ ತಂದುಕೊಟ್ಟ ನೋವಿನೆಣ್ಣೆಯ ಬಾಟ್ಲಿ ಉಂಟು. ಅದನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡಬೇಡ, ಹಚ್ಚಿಕೋ. ಮಸ್ಕತ್ತಿನ ಸೆಕೆಗೆ ಹಸಿವೇ ಆಗುವುದಿಲ್ಲ ಎಂಬ ನಿನ್ನ ನೆವ ನನ್ನ ಹತ್ತಿರ ನಡೆಯುವುದಿಲ್ಲ, ಹೊತ್ತು ಹೊತ್ತಿಗೆ ಊಟ ಮಾಡು. ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಹಿಡಿದದ್ದು ಬಿಟ್ಟಿಲ್ಲ, ಮಲ್ಲಿಗೆ ಗಿಡಗಳಲ್ಲಿ ಮೊಗ್ಗು ಕಡಿಮೆ. ನಿನ್ನ ಮಾವನಿಗೆ ಮಂಡಿನೋವಿಗಿಂತ ದೊಡ್ಡ ನೋವು ಎಂದರೆ ಬೋಟುಗಳೆಲ್ಲ ದಡ ಸೇರಿ ತಾಜಾ ಮೀನು ಸಿಗದಿರುವುದು. ಪ್ರತಿ ಮಳೆಗಾಲದಲ್ಲೂ ಇದ್ದದ್ದೇ, ಆದರೂ ಪ್ರತಿ ವರ್ಷ ಹೊಸದಾಗಿ ದುಃಖಪಡುತ್ತಾರೆ. ಶ್ರವಣ್‌ಗೆ ಪಡುಬಿದ್ರಿಯಲ್ಲಿ ಈ ವಾರ ಬೆಳಗಿನ ಶಿಫ್ಟ್. ನಿನ್ನ ಗಂಡನ ಸಮಾಚಾರ ನಿನಗೆ ನನಗಿಂತ ಮೊದಲೇ ಗೊತ್ತಾಗುತ್ತದೆ, ಅದನ್ನು ಬರೆದು ಕಾಗದ ಯಾಕೆ ಹಾಳು ಮಾಡಲಿ?

ಈ ಕಾಲದಲ್ಲಿ ಅತ್ತೆ ಕಾಗದ ಬರೆದಿದ್ದಾಳೆ ಎಂದು ನಿನ್ನ ರೂಮಿನ ಹುಡುಗಿಯರು ನಗಬಹುದು. ನಗಲಿ. ಪಕ್ಕದ ಮನೆಯ ಸೋಫಿಯಾ ಬಾಯಿಯ ಮಗ ಎಡ್ವಿನ್ ರಜೆ ಮುಗಿಸಿ ನಾಳೆ ಮಸ್ಕತ್ತಿಗೆ ಹೊರಡುತ್ತಾನೆ, ತನ್ನ ಪೆಟ್ಟಿಗೆಯಲ್ಲಿ ನಮಗೂ ಒಂದು ಮೂಲೆ ಬಿಟ್ಟಿದ್ದಾನೆ. ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೆಂಗಿನೆಣ್ಣೆ, ನಿನ್ನ ಹಳೆಯ ಹತ್ತಿಯ ಚೂಡಿದಾರ, ಎಲ್ಲ ಹಿಡಿಸಿದೆ. ಆದರೆ ನಿನ್ನೆ ಈ ಮನೆಯಲ್ಲಿ ನಾನು ಮಾಡಿ ಗೆದ್ದ ವಸ್ತುವನ್ನು ಮಾತ್ರ ಕಳುಹಿಸಲಿಕ್ಕೆ ಆಗುವುದಿಲ್ಲ. ವಿಮಾನ ಹತ್ತುವುದು ಹಾಗಿರಲಿ, ಪಡುಬಿದ್ರಿ ದಾಟುವ ಮೊದಲೇ ಅದು ನೀರಾಗಿ ಎಡ್ವಿನ್‌ನ ಅಂಗಿಗಳನ್ನೆಲ್ಲ ತೋಯಿಸಿಬಿಟ್ಟೀತು. ಫೋನಿನಲ್ಲಾದರೂ ಹೇಳೋಣವೆಂದರೆ ನನ್ನ ಬಾಯಿಗೆ ಬೀಗ ಬಿದ್ದಿದೆ. ಬೀಗ ಹಾಕಿದವರು ಯಾರು ಎಂದು ಮುಂದೆ ಓದಿದರೆ ಗೊತ್ತಾಗುತ್ತದೆ. ಕಾಗದ ಬರೆದರೆ ಅಡ್ಡಿ ಇಲ್ಲ ಎಂಬ ಅಪ್ಪಣೆ ಮಾತ್ರ ಸಿಕ್ಕಿದೆ.

ಚೈತಾಲಿಯ ವಿಷಯಕ್ಕೆ ಬರುತ್ತೇನೆ. ಮಗಳ ಹುಟ್ಟುಹಬ್ಬಕ್ಕೆ ಖಂಡಿತ ಬರುತ್ತೇನೆ ಎಂದಿದ್ದ ನೀನು, ರಜೆ ಸಿಗಲಿಲ್ಲ ಎಂದು ಹೇಳಿದ ಆ ದಿನದಿಂದ ಅವಳು ನಿನ್ನೊಡನೆ ಮಾತು ಬಿಟ್ಟಳಲ್ಲ. ಮಲಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ, ಓದುತ್ತಿದ್ದಾಳೆ ಎಂದು ನಾವು ನಿನಗೆ ಹೇಳಿದ್ದೆಲ್ಲ ಸುಳ್ಳು ಎಂದು ನಿನಗೂ ಗೊತ್ತಿತ್ತು. ಒಂದನೇ ಕ್ಲಾಸಿನ ಮಗು ಅಷ್ಟು ಹೊತ್ತು ಓದುತ್ತದೆ ಎಂದರೆ ಯಾರು ನಂಬುತ್ತಾರೆ! ನಿಜ ಹೇಳುತ್ತೇನೆ, ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ಅವಳು ಊಟದ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ನಿನ್ನ ದನಿ ನಿಲ್ಲುವವರೆಗೆ ಅಲ್ಲೇ. ಬರಬರುತ್ತಾ ನೀನು ಫೋನ್ ಮಾಡದಾಗಲೂ ಅಲ್ಲೇ ಕೂರತೊಡಗಿದಳು. ಕರೆದರೆ ಬರುವುದಿಲ್ಲ, ಗದರಿಸಿದರೆ ಕೇಳುವುದಿಲ್ಲ, ಅಳುವುದೂ ಇಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ನಿನ್ನ ಹಾಗೆ ತಲೆಗೆ ತೆಂಗಿನೆಣ್ಣೆ ಹಚ್ಚಿ, ಜಡೆ ಹಾಕಿಸಿಕೊಂಡು, ಮಲ್ಲಿಗೆ ಮುಡಿದು ಶಾಲೆಗೆ ಹೋಗುತ್ತಿದ್ದವಳು ಎಣ್ಣೆಯೂ ಬೇಡ, ಹೂವೂ ಬೇಡ ಎಂದು ಒಣ ತಲೆಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡು ಹೋಗತೊಡಗಿದಳು. ಶಂಕರಪುರದ ಹುಡುಗಿ, ಮನೆಯ ಹಿತ್ತಿಲಲ್ಲೇ ಮಲ್ಲಿಗೆ ಬೆಳೆಯುವವರ ಮನೆಯ ಹುಡುಗಿ, ತಲೆಗೆ ಹೂ ಬೇಡ ಎನ್ನುವುದುಂಟೇ?

ನಿನ್ನದು ತಪ್ಪು ಎಂದು ನಾನು ಒಂದು ದಿನವೂ ಎಣಿಸಲಿಲ್ಲ. ಹಾಗೆ ಎಣಿಸುವವರು ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು, ಹೆಸರು ಬರೆಯುವುದಿಲ್ಲ, ನೀನು ಸಿಟ್ಟು ಇಟ್ಟುಕೊಳ್ಳುತ್ತೀ, "ತಾಯಿಯಾದವಳು ಅಷ್ಟು ದೂರ ಹೋದರೆ ಮಗುವಿಗೆ ಮತ್ತೆಂತ ಆಗುವುದು ಅಲ್ವಾ" ಎಂದು ನನ್ನ ಹತ್ತಿರ ಕನಿಕರ ತೋರಿಸಲಿಕ್ಕೆ ಬಂದರು. ನನ್ನ ಸೊಸೆ ಅಲ್ಲಿ ನಾಲ್ಕು ಜನರ ಜೀವ ಉಳಿಸುವ ಕೆಲಸ ಮಾಡುತ್ತಾಳೆ, ನಿಮ್ಮ ಸೊಸೆ ಇಲ್ಲೇ ಇದ್ದು ಎಂತ ಮಾಡುತ್ತಾಳೆ ಎಂದು ನಾನು ಕೇಳಿದೆ. ಎದುರು ಬಂದು ನಿಂತ ಬಸ್ಸನ್ನು ಹತ್ತುವುದನ್ನೂ ಅವರು ಮರೆತರು. ಆದರೆ ಊರವರ ಬಾಯಿ ಮುಚ್ಚಿಸಿದ ಅದೇ ನಾನು ಮನೆಗೆ ಬಂದು ಮೇಜಿನ ಕೆಳಗೆ ಕುಳಿತ ಮಗುವಿನ ಮುಂದೆ ಬಗ್ಗಿ, ಊಟಕ್ಕೆ ಬಾ ಎಂದಷ್ಟೇ ಹೇಳಿ ಎದ್ದು ಬಂದೆ. ಸಿಟ್ಟು ಹೀಗೇ ಗಟ್ಟಿಯಾಗುತ್ತಾ ಹೋಗಿ, ನೀನು ಬರುವಾಗ ಮಗು ನಿನ್ನನ್ನು ನೆಂಟರನ್ನು ನೋಡಿದ ಹಾಗೆ ನೋಡಿದರೆ? ಆ ಹೆದರಿಕೆ ನನ್ನ ಎದೆಯಲ್ಲಿ ಕುಳಿತುಬಿಟ್ಟಿತು.

ಅವಳು ಬೇಡವೆಂದಷ್ಟೂ ಅವಳ ಅಪ್ಪ ಒಂದೊಂದು ಆಸೆ ತೋರಿಸುತ್ತಿದ್ದ. ಉಡುಪಿಯಿಂದ ದೊಡ್ಡ ಕೇಕ್ ತರುತ್ತೇನೆ, ಬೇಕಾದ ಐಸ್‌ಕ್ರೀಮ್ ತರುತ್ತೇನೆ ಎಂದ. ಆಗ ಮೇಜಿನ ಕೆಳಗಿನಿಂದ ಒಂದು ಸ್ವರ ಬಂತು: "ಅಮ್ಮ ಮಾಡುತ್ತೇನೆ ಹೇಳಿದ್ದು ಅಂಗಡಿಯಲ್ಲಿ ಸಿಗುವುದಿಲ್ಲ." ನಿನಗೆ ನೆನಪಿರಬೇಕು, ನೀನು ಹೋಗುವ ಮೊದಲು ನೀವಿಬ್ಬರೂ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಿರಿ. ಕೆಳಗೆ ಬಿಸ್ಕೆಟಿನ ಪದರ, ನಡುವೆ ಐಸ್‌ಕ್ರೀಮ್, ಮೇಲೆ ಚಾಕಲೇಟ್. ಬರ್ಫಿಯ ಹಾಗೆ ಉದ್ದುದ್ದ ಕತ್ತರಿಸಿ ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಅವಳು ಅದಕ್ಕೆ ಮೂರು ಮಹಡಿಯ ಐಸ್‌ಕ್ರೀಮ್ ಎಂದು ಹೆಸರಿಟ್ಟಳು, ನೀನು ಹುಟ್ಟುಹಬ್ಬಕ್ಕೆ ಬಂದು ಇಬ್ಬರೂ ಸೇರಿ ಮಾಡೋಣ ಎಂದೆ. ಆ ಮಾತನ್ನು ನೀನು ಅಲ್ಲಿ ಮರೆತಿರಲಿಕ್ಕಿಲ್ಲ, ಅವಳು ಇಲ್ಲಿ ಒಂದು ದಿನವೂ ಮರೆಯಲಿಲ್ಲ. ನನಗೆ ಆಗ ಹೊಳೆಯಿತು. ನೀನು ಕೊಟ್ಟ ಮಾತನ್ನು ನಿನ್ನ ಹೆಸರಿನಲ್ಲಿ ಈ ಮನೆಯಲ್ಲಿ ಯಾರಾದರೂ ಉಳಿಸಿಕೊಟ್ಟರೆ ಮಗುವಿನ ಮನಸ್ಸು ತಿರುಗೀತು. ಯಾರಾದರೂ ಎಂದರೆ ಇನ್ಯಾರು? ಸೆರಗು ಸಿಕ್ಕಿಸಿದೆ.

ನಿನ್ನ ಮಾವ ಪೇಪರಿನಿಂದ ತಲೆ ಎತ್ತಿ, "ನಿನಗೆಂತ ಮರುಳಾ ಮಾರಾಯ್ತಿ? ಐಸ್‌ಕ್ರೀಮ್ ಮನೆಯಲ್ಲಿ ಆಗುವುದಾದರೆ ಉಡುಪಿಯವರು ಅಂಗಡಿ ಯಾಕೆ ತೆರೆಯಬೇಕಿತ್ತು?" ಎಂದರು. ಕೆಸುವಿನ ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ ಪತ್ರೊಡೆ ಸುತ್ತುವವಳಿಗೆ ಮೂರು ಪದರ ಯಾವ ಮಹಾ ವಿದ್ಯೆ ಎಂದು ನಾನು ತಿರುಗಿ ಕೇಳಿದೆ. ಒಳಗೊಳಗೆ ಅಳುಕು ಇತ್ತು, ಅದನ್ನು ಅವರಿಗೆ ತೋರಿಸುವುದುಂಟೇ? ಶ್ರವಣ್ ಮಣಿಪಾಲದ ದೊಡ್ಡ ಅಂಗಡಿಯಿಂದ ಕ್ರೀಮ್ ತಂದುಕೊಟ್ಟ. ಅದನ್ನು ನೊರೆಯಂತೆ ಉಬ್ಬುವವರೆಗೆ ಕಡೆಯಬೇಕು ಎಂದು ವಿಡಿಯೋದಲ್ಲಿ ಹೇಳುತ್ತಾರೆ. ಕಡೆಯುವುದನ್ನು ನನಗೆ ಹೇಳಿಕೊಡಬೇಕೇ! ಕಡೆಗೋಲು ತೆಗೆದುಕೊಂಡು ಮಜ್ಜಿಗೆ ಕಡೆದ ಹಾಗೆ ಕಡೆದೆ, ಕೈ ನಿಲ್ಲಿಸುವುದು ಗೊತ್ತಾಗದೆ ಬೆಣ್ಣೆಯೇ ಬಂತು. ನಿನ್ನ ಮಾವ ಅದನ್ನು ನೀರುದೋಸೆಗೆ ಹಾಕಿಕೊಂಡು ತಿಂದು, ಐಸ್‌ಕ್ರೀಮ್ ಬಹಳ ಚೆನ್ನಾಗಿದೆ ಎಂದರು. ಆ ದಿನ ನಾನು ಅವರಿಗೆ ಸಂಜೆಯ ಚಹಾ ಕೊಡಲಿಲ್ಲ.

ಎರಡನೆಯ ಸಲ ಸೋಫಿಯಾ ಬಾಯಿಯ ಕರೆಂಟಿನ ಬೀಟರ್ ತಂದೆ. ಅವರು ಕ್ರಿಸ್‌ಮಸ್ಸಿಗೆ ಕೇಕ್ ಮಾಡುವವರು, ಪಾತ್ರೆಯನ್ನೂ ಫ್ರಿಡ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಕ್ರೀಮ್ ಗಟ್ಟಿಯಾಗಿ ನಿಂತ ಕೂಡಲೇ ಕೈ ಬಿಡಿ ಎಂದು ಎದುರು ನಿಂತು ಮಾಡಿಸಿದರು. ಬಿಸ್ಕೆಟ್ ಪುಡಿ ಮಾಡಿ ಬೆಣ್ಣೆಯಲ್ಲಿ ಕಲಸಿ ತಟ್ಟೆಯ ತಳಕ್ಕೆ ಒತ್ತಿದೆ. ಹಾಲನ್ನು ಸಕ್ಕರೆ ಹಾಕಿ ಬತ್ತಿಸಿ, ತಣಿಸಿ, ಕ್ರೀಮಿನಲ್ಲಿ ಸೇರಿಸಿ ಅದರ ಮೇಲೆ ಹೊಯ್ದೆ. ಅದು ಗಟ್ಟಿಯಾದ ಮೇಲೆ ಚಾಕಲೇಟ್. ಕರಗಿಸಿದ ಚಾಕಲೇಟ್ ಮಂದವಾಗಿ ಒಂದೇ ಕಡೆ ಮುದ್ದೆಯಾಗುತ್ತಿತ್ತು. ನನಗೋ, ಏನು ಅಂಟಿಕೊಂಡರೂ ತೆಂಗಿನೆಣ್ಣೆಯ ಕಡೆಗೇ ಕೈ ಹೋಗುವುದು. ನಮ್ಮದೇ ಕಾಯಿಯ ಎಣ್ಣೆ, ಕಳೆದ ತಿಂಗಳು ಗಾಣದಲ್ಲಿ ತೆಗೆಸಿದ್ದು, ಎರಡು ಚಮಚ ಹಾಕಿ ಕದಡಿದೆ. ಸೋಫಿಯಾ ಬಾಯಿ ಅಯ್ಯೋ ಎಂದು ಬಾಯಿ ತೆರೆದರು. ತೆರೆದ ಬಾಯಿ ಮುಚ್ಚುವುದರೊಳಗೆ ಚಾಕಲೇಟ್ ನೀರಿನಂತೆ ಹರಿದು, ತಣ್ಣನೆಯ ಕ್ರೀಮಿಗೆ ತಾಗಿದ ಕೂಡಲೇ ಕನ್ನಡಿಯಂತೆ ನಿಂತಿತು. ಉಗುರಿನಿಂದ ತಟ್ಟಿದರೆ ಟಕ್ ಎಂದಿತು. ಈ ಎಣ್ಣೆಯ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಅಷ್ಟು ಚಂದದ ತಟ್ಟೆಯನ್ನು ಗಟ್ಟಿಯಾಗಲಿಕ್ಕೂ ಆಮೇಲೆ ರಾತ್ರಿಯಿಡೀ ಇರಲಿಕ್ಕೂ ಎಲ್ಲಿಟ್ಟೆ? ಫ್ರೀಜರಿನಲ್ಲಿ. ನಮ್ಮ ಫ್ರೀಜರಿನಲ್ಲಿ ಏನಿತ್ತು? ಬೋಟು ನಿಲ್ಲುವ ಮೊದಲು ನಿನ್ನ ಮಾವ ತಂದು ತುಂಬಿಸಿದ ಬಂಗುಡೆ ಮತ್ತು ಸಿಗಡಿ. ಮಳೆಗಾಲದ ಊಟಕ್ಕೆ ಬೇಕಲ್ಲ! ಅವುಗಳ ನಡುವೆಯೇ ಸ್ವಲ್ಪ ಜಾಗ ಮಾಡಿ, ಮುಚ್ಚದೆ ಇಟ್ಟುಬಿಟ್ಟೆ. ಮೀನು ತಿನ್ನುವ ಮನೆಯವರಿಗೆ ಮೀನಿನ ವಾಸನೆ ಒಂದು ವಾಸನೆ ಎಂದು ತಲೆಗೆ ಹೋಗುವುದೇ ಇಲ್ಲ. ಮರುದಿನ ಒಂದು ತುಂಡು ಕತ್ತರಿಸಿ ಮೇಜಿನ ಕೆಳಗೆ ಕೈ ಚಾಚಿದೆ, ಇದು ನಿನ್ನ ಅಮ್ಮ ಹೇಳಿದ ಐಸ್‌ಕ್ರೀಮ್ ಎಂದೆ. ಮಗು ಹೊರಗೆ ಬಂತು, ಆಶ್ರಿತಾ. ಕಣ್ಣಿನಲ್ಲಿ ಆಸೆ ಇತ್ತು. ಒಂದು ಸಲ ನೆಕ್ಕಿ ಮುಖ ಸಿಂಡರಿಸಿ, "ಅಜ್ಜೀ, ಇದು ಬಂಗುಡೆ" ಎಂದು ಪುನಃ ಒಳಗೆ ಹೋಗಿ ಕುಳಿತಳು. ನಾನೂ ತಿಂದು ನೋಡಿದೆ. ಮಗು ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ನಿನ್ನ ಮಾವನ ಮೇಲೆ ನಾನು ಹರಿಹಾಯ್ದದ್ದನ್ನು ಇಲ್ಲಿ ಬರೆಯುವುದಿಲ್ಲ, ಬೇಕಾದರೆ ಸೋಫಿಯಾ ಬಾಯಿಯನ್ನು ಕೇಳು, ಅವರ ಅಂಗಳಕ್ಕೆ ಎಲ್ಲ ಕೇಳಿಸಿದೆಯಂತೆ. ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ನಾನು ಅತ್ತದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಅತ್ತು ಮುಗಿಸಿ ಎದ್ದವಳೇ ಫ್ರೀಜರ್ ಖಾಲಿ ಮಾಡಿದೆ. ಮೀನಿಗೆ ಸೋಫಿಯಾ ಬಾಯಿಯ ಮನೆಯಲ್ಲಿ ಆಶ್ರಯ ಸಿಕ್ಕಿತು. ಸೋಡಾ ಪುಡಿ, ಲಿಂಬೆಸಿಪ್ಪೆ ಹಾಕಿ ತೊಳೆದು, ಒರೆಸಿ, ತಲೆಯನ್ನೇ ಒಳಗೆ ತೂರಿಸಿ ಮೂಸಿ ನೋಡಿದೆ. ಹುಟ್ಟುಹಬ್ಬ ಶನಿವಾರ, ಆದ್ದರಿಂದ ಗುರುವಾರವೇ ಹಾಲು ಬತ್ತಿಸಿ ಇಟ್ಟೆ. ಈ ಸಲ ಹೊಸ ಕ್ರೀಮನ್ನೂ ಅದಕ್ಕೇ ಸುರಿದು, ದೊಡ್ಡ ಪಾತ್ರೆಯಲ್ಲಿ ಫ್ರಿಡ್ಜಿನ ಕೆಳಗಿನ ಅಂಕಣದಲ್ಲಿ ತಣ್ಣಗಾಗಲು ಇಡುವುದೆಂದು ಮಾಡಿದೆ. ಆ ಪಾತ್ರೆಗೆ ಸರಿಯಾದ ಮುಚ್ಚಳ ಇಲ್ಲ, ನಿನಗೆ ಗೊತ್ತು. ಮರುದಿನ ಬೆಳಿಗ್ಗೆ ಒಂದು ಮದುವೆ ಮನೆಯವರಿಗೆ ಕೊಡಬೇಕಾದ ಮಾಲೆ ಸುತ್ತಿದ ಮಲ್ಲಿಗೆಯ ಚೆಂಡುಗಳೂ ಬಾಳೆಎಲೆಯಲ್ಲಿ ಸುತ್ತಿಕೊಂಡು ಫ್ರಿಡ್ಜಿನೊಳಗೆ ಹೋಗಬೇಕಿತ್ತು. ಜಾಗ ಸಾಲಲಿಲ್ಲ. ಆ ಎಲೆಯ ಕಟ್ಟುಗಳನ್ನೇ ಪಾತ್ರೆಯ ಬಾಯಿಯ ಮೇಲೆ ಒತ್ತೊತ್ತಾಗಿ ಜೋಡಿಸಿದೆ. ಹೂವಿಗೆ ಜಾಗವಾಯಿತು, ಪಾತ್ರೆಗೆ ಮುಚ್ಚಳವಾಯಿತು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿ ಬಾಗಿಲು ಹಾಕಿದೆ. ಶುಕ್ರವಾರ ಬೆಳಿಗ್ಗೆ ಹೂ ಮದುವೆ ಮನೆಗೆ ಹೋಯಿತು, ಹಾಲುಕ್ರೀಮ್ ಬೀಟರಿನ ಕೈಗೆ ಬಂತು. ಬಿಸ್ಕೆಟಿನ ಮೇಲೆ ಬಿಳಿ ಪದರ ಹೊಯ್ದು ಫ್ರೀಜರಿನಲ್ಲಿಟ್ಟೆ. ರುಚಿ ನೋಡಿದೆ, ಒಳ್ಳೆಯ ಹಾಲಿನ ರುಚಿ. ಬೇರೇನೂ ಗೊತ್ತಾಗಲಿಲ್ಲ.

ಆ ಪದರ ಇನ್ನೂ ಪಾಯಸದಂತೆ ಅಲ್ಲಾಡುತ್ತಿದ್ದಾಗ ಗಾಳಿ ಎದ್ದಿತು. ಎಲ್ಲೋ ಲೈನಿನ ಮೇಲೆ ಮರ ಬಿತ್ತು, ಕರೆಂಟು ಹೋಯಿತು. ಮರುದಿನದ ಮೊದಲು ಬರಲಿಕ್ಕಿಲ್ಲ ಎಂದು ಸುದ್ದಿ ಬಂತು. ನಾನು ಫ್ರೀಜರಿನ ಬಾಗಿಲು ತೆರೆಯುವುದು, ತಟ್ಟೆ ನೋಡುವುದು, ಪುನಃ ಮುಚ್ಚುವುದು. ಮೂರನೆಯ ಸಲವೂ ಕೆಟ್ಟರೆ ಮಗುವಿನ ಮುಂದೆ ಯಾವ ಮುಖ ಇಟ್ಟುಕೊಂಡು ಬಗ್ಗಲಿ ಎನಿಸಿತು. ಆಗ ನಿನ್ನ ಮಾವ, ಬಂಗುಡೆಯ ದಿನದಿಂದ ನನ್ನ ಎದುರು ಬಾಯಿ ತೆರೆಯದಿದ್ದವರು, ರೈನ್‌ಕೋಟ್ ಹಾಕಿ ಸ್ಕೂಟರ್ ಹೊರಡಿಸಿದರು. ಕಾಪುವಿನಿಂದ ಹಿಂದೆ ಬರುವಾಗ ಕಾಲಿನ ನಡುವೆ ಹೊಸ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಮೀನಿನವರು ಹಾಕುವ ಜಜ್ಜಿದ ಮಂಜುಗಡ್ಡೆ, ಚೀಲದಲ್ಲಿ ಕಲ್ಲುಪ್ಪು. ನಾನು ಪೆಟ್ಟಿಗೆಯನ್ನು ಮೂಸಿದೆ. "ಹೊಸತು ಮಾರಾಯ್ತಿ, ಒಂದು ಮೀನೂ ಅದರ ಮುಖ ನೋಡಲಿಲ್ಲ" ಎಂದರು. 

ಒಂದು ಪದರ ಐಸು, ಒಂದು ಹಿಡಿ ಉಪ್ಪು, ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯಲ್ಲಿ ನನ್ನ ತಟ್ಟೆ, ಅದರ ಮೇಲೆ ಪುನಃ ಐಸು, ಉಪ್ಪು. ಮಂಡಿನೋವಿನ ಮನುಷ್ಯ ಪೆಟ್ಟಿಗೆಯ ಪಕ್ಕ ಮಣೆ ಹಾಕಿ ಕುಳಿತು, ನೀರಿಳಿದಂತೆ ಚೆಲ್ಲಿ ಹೊಸ ಐಸು ತುಂಬಿಸುತ್ತಾ ಇದ್ದರು. ಇದು ನಿಲ್ಲುತ್ತದಾ ಎಂದು ನಾನು ಕೇಳಿದ್ದಕ್ಕೆ, "ಮಲ್ಪೆಯಿಂದ ಮೀನನ್ನು ಲಾರಿಯಲ್ಲಿ ಹಾಕಿ ಎಲ್ಲಿಯವರೆಗೆ ಕಳುಹಿಸುತ್ತಾರೆ ಗೊತ್ತುಂಟಾ? ಅವರು ಕರೆಂಟನ್ನು ನಂಬಿ ಕೂರುತ್ತಾರಾ?" ಎಂದರು. ಸಂಜೆಯಾಗುವಾಗ ಡಬ್ಬಿ ತೆರೆದರೆ ಬಿಳಿ ಪದರ ಗಟ್ಟಿಯಾಗಿ ನಿಂತಿತ್ತು, ಫ್ರೀಜರಿನಲ್ಲಿಯೂ ಅಷ್ಟು ಚೆನ್ನಾಗಿ ಆಗಿರಲಿಲ್ಲ. ಮೇಲೆ ತೆಂಗಿನೆಣ್ಣೆಯ ಚಾಕಲೇಟ್ ಹೊಯ್ದು, ನಿನ್ನ ಅಮ್ಮ ಕಳುಹಿಸಿದ್ದ ಕಾರ್ಕಳದ ಗೇರುಬೀಜ ಹುರಿದು ಉದುರಿಸಿ ಪುನಃ ಪೆಟ್ಟಿಗೆಗೆ ಇಳಿಸಿದೆವು. ನಿನ್ನ ಮಾವನ ಮೇಲಿನ ಸಿಟ್ಟು ಆ ಐಸಿನ ನೀರಿನ ಜೊತೆಯಲ್ಲೇ ಹರಿದುಹೋಯಿತು. ಅವರಿಗೆ ಹೇಳಬೇಡ, ತಲೆ ಮೇಲೆ ಕೂರುತ್ತಾರೆ.

ನಿನ್ನೆ ಬೆಳಿಗ್ಗೆ ಶುಭಾಶಯ ಹೇಳಲು ನೀನು ಫೋನ್ ಮಾಡಿದಾಗಲೂ ಅವಳು ಮೇಜಿನ ಕೆಳಗೇ ಇದ್ದಳು. ನೀನು ನಗುತ್ತಾ ಹಾಡು ಹೇಳಿದೆ, ಕೊನೆಯ ಸಾಲು ಹೇಳದೆಯೇ ಡ್ಯೂಟಿಗೆ ಹೊತ್ತಾಯಿತು ಎಂದು ಫೋನ್ ಇಟ್ಟೆ. ನಾನು ಪೆಟ್ಟಿಗೆಯ ಐಸು ಬದಲಾಯಿಸಲು ಹೋದೆ. ಮಧ್ಯಾಹ್ನ ಅವಳ ಶಾಲೆಯ ಗೆಳತಿಯರು ಬಂದರು, ಸೋಫಿಯಾ ಬಾಯಿ, ಎಡ್ವಿನ್, ಕಾರ್ಕಳದಿಂದ ನಿನ್ನ ಅಮ್ಮ, ಎಲ್ಲ ಸೇರಿದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಿಸಿನೀರಿನಲ್ಲಿ ಅದ್ದಿದ ಚೂರಿ ಹಿಡಿದು ನಾನು ನಿಂತ ಗತ್ತನ್ನು ನೀನು ನೋಡಬೇಕಿತ್ತು. ಟಕ್ ಎಂದು ಚಾಕಲೇಟ್ ಸೀಳಿತು, ಚೂರಿ ಬಿಳಿ ಪದರದಲ್ಲಿ ಮೆಲ್ಲನೆ ಇಳಿಯಿತು, ತಳದ ಬಿಸ್ಕೆಟ್ ಕರಕರ ಎಂದಿತು. ತುಂಡನ್ನು ಎತ್ತಿ ಎಲ್ಲರಿಗೂ ಪಕ್ಕದಿಂದ ತೋರಿಸಿದೆ. ಕಂದು, ಬಿಳಿ, ಕಪ್ಪು ಮೂರು ಮಹಡಿ, ಒಂದು ಇನ್ನೊಂದರ ಗಡಿ ದಾಟಿಲ್ಲ. ಮಕ್ಕಳು ಹೋ ಎಂದವು. ನಿನ್ನ ಮಾವ ಚಪ್ಪಾಳೆ ತಟ್ಟಿ, ಐಸಿನ ಕೆಲಸ ತನ್ನದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. ಉಡುಪಿಯ ಅಂಗಡಿಯವರು ಬಂದು ನಿಂತಿದ್ದರೂ ನಾನು ಅವರಿಗೆ ಕುರ್ಚಿ ಹಾಕುತ್ತಿರಲಿಲ್ಲ.

ಮೊದಲ ತುಂಡು ಹುಟ್ಟುಹಬ್ಬದವಳಿಗೆ. ಗೆಳತಿಯರ ಎದುರು ಮರ್ಯಾದೆಗೆಂದು ಅವಳು ಹೊರಗೆ ಬಂದಿದ್ದಳು ಅಷ್ಟೆ, ಮುಖ ಗಂಟೇ ಇತ್ತು. ಬಂಗುಡೆಯ ನೆನಪಿನಿಂದ ಹಲ್ಲಿನ ತುದಿಯಲ್ಲಿ ಕಚ್ಚಿದಳು. ಜಗಿಯುವುದನ್ನು ನಿಲ್ಲಿಸಿದಳು. ತುಂಡನ್ನು ಮೂಗಿನ ಹತ್ತಿರ ಹಿಡಿದಳು, ಕಣ್ಣು ಮುಚ್ಚಿದಳು. ಅಯ್ಯೋ ದೇವರೇ, ಪುನಃ ಮೀನಾ ಎಂದು ನಾನು ಚೂರಿಗೆ ಅಂಟಿದ ಕ್ರೀಮನ್ನು ಮೂಸಿದೆ. ಅವಳು ಮೆಲ್ಲನೆ, "ಅಜ್ಜೀ, ಇದು ಅಮ್ಮನ ಜಡೆ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ನಾನು ಒಂದು ತುಂಡು ಬಾಯಿಗೆ ಹಾಕಿದೆ, ನಿನ್ನ ಅಮ್ಮನೂ ಹಾಕಿದರು, ನಮಗೆ ಹಾಲು ಮತ್ತು ಚಾಕಲೇಟ್ ಅಲ್ಲದೆ ಏನೂ ತಿಳಿಯಲಿಲ್ಲ. ಎಡ್ವಿನ್ ಒಬ್ಬನೇ, "ಆಂಟಿ, ಇದಕ್ಕೆ ಮಲ್ಲಿಗೆ ಹಾಕಿದ್ದೀರಾ? ಸರಿಯಾಗಿ ಪರಿಮಳ ಉಂಟಲ್ಲ!" ಎಂದ. ವರ್ಷವಿಡೀ ಊರಿನಿಂದ ಹೊರಗಿರುವವನ ಮೂಗು ಅದು. ನಾವು ಬೆಳಗಾದರೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕೈಯಲ್ಲೂ ಬಟ್ಟೆಯಲ್ಲೂ ಅದನ್ನೇ ಹೊತ್ತು ತಿರುಗುವವರು, ನಮಗೆ ಹೇಗೆ ಗೊತ್ತಾಗಬೇಕು? ಆಗ ನನಗೆ ಫ್ರಿಡ್ಜಿನ ಪಾತ್ರೆ, ಅದರ ಬಾಯಿಯ ಮೇಲಿನ ಹೂವಿನ ಕಟ್ಟುಗಳು ನೆನಪಾದವು. ಮೀನಿನ ವಾಸನೆ ಹೀರಿದ ಕ್ರೀಮ್ ಹೂವಿನ ಪರಿಮಳ ಹೀರದೆ ಬಿಟ್ಟೀತೇ! ಬರೀ ಮಲ್ಲಿಗೆಯಾಗಿದ್ದರೆ ಅವಳಿಗೂ ಗೊತ್ತಾಗುತ್ತಿರಲಿಲ್ಲವೇನೋ, ಅದು ಈ ಮನೆಯ ಗಾಳಿಯಲ್ಲೇ ಉಂಟು. ಆದರೆ ಮೇಲಿನ ಪದರದಲ್ಲಿ ನಮ್ಮ ತೆಂಗಿನೆಣ್ಣೆ, ಅದರ ಕೆಳಗೆ ತಣ್ಣನೆಯ ಮಲ್ಲಿಗೆ. ಎಣ್ಣೆ ಹಚ್ಚಿದ ಕೂದಲಿಗೆ ಹೂ ಮುಡಿದು ನೀನು ಮಲಗುತ್ತಿದ್ದೆ, ಅವಳು ಹುಟ್ಟಿದಂದಿನಿಂದ ನಿನ್ನ ಜಡೆಯಲ್ಲಿ ಮೂಗು ಹುದುಗಿಸಿ ನಿದ್ದೆ ಹೋಗುತ್ತಿದ್ದಳು. ಆ ಎರಡು ಕೂಡಿದ ಪರಿಮಳ ಅವಳಿಗೆ ನೀನಲ್ಲದೆ ಬೇರೆ ಯಾರೂ ಅಲ್ಲ.

ಆಮೇಲೆ ಅವಳು ಅತ್ತಳು, ಆಶ್ರಿತಾ. ಇಷ್ಟು ದಿನ ಅಳದೆ ಇಟ್ಟುಕೊಂಡದ್ದನ್ನೆಲ್ಲ ನನ್ನ ಮಡಿಲಿನಲ್ಲಿ ಮುಖ ಇಟ್ಟು ಅತ್ತಳು. ಕೈಯಲ್ಲಿದ್ದ ಐಸ್‌ಕ್ರೀಮ್ ಕರಗಿ ನನ್ನ ಒಳ್ಳೆಯ ಸೀರೆಯ ಮೇಲೆ ಹರಿಯಿತು, ನಾನು ಅಲ್ಲಾಡಲಿಲ್ಲ. ನಿನ್ನ ಅಮ್ಮನೂ ಅತ್ತರು. ನಾನು ಅಳಲಿಲ್ಲ ಎಂದು ನಿನ್ನ ಮಾವನಿಗೆ ಹೇಳಿದ್ದೇನೆ, ನೀನೂ ಹಾಗೆಯೇ ನಂಬು. ಅತ್ತು ಸಾಕಾದ ಮೇಲೆ ಅವಳು ತಲೆ ಎತ್ತಿ ಮೂಗು ಒರೆಸಿಕೊಂಡು, "ಅಮ್ಮನಿಗೆ ಒಂದು ತುಂಡು ಇಟ್ಟಿದ್ದೀರಾ?" ಎಂದು ಕೇಳಿದಳು. ಮಗಳೇ, ಆ ಮಾತಿನಲ್ಲಿ ಅಮ್ಮ ಎಂಬ ಶಬ್ದ ಪುನಃ ಪ್ರೀತಿಯಲ್ಲಿ ಬಂದದ್ದು ಕೇಳಿದಾಗ ನನಗೆ ಆದ ಸಂತೋಷವನ್ನು ಬರೆಯಲು ನನ್ನ ಕನ್ನಡ ಸಾಲುವುದಿಲ್ಲ. ನಾನು ಗೆದ್ದೆ. ನೀನೂ ಗೆದ್ದೆ. ತುಂಬಾ ದಿನಗಳಿಂದ ನನ್ನ ಎದೆಯಲ್ಲಿ ಕುಳಿತಿದ್ದ ಹೆದರಿಕೆ ಎದ್ದು ಹೋಯಿತು.

ಕೂಡಲೇ ನಿನಗೆ ಫೋನ್ ಮಾಡಲು ಹೊರಟೆ. ಅವಳು ನನ್ನ ಕೈಯಿಂದ ಮೊಬೈಲು ಕಸಿದುಕೊಂಡು, ಅಮ್ಮನಿಗೆ ನಾನೇ ಹೇಳಬೇಕು, ಮೊದಲು ಯಾರೂ ಹೇಳಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದಳು. ಅಪ್ಪನಿಂದ ಆಣೆ ಹಾಕಿಸಿಕೊಂಡಳು. ನನ್ನ ಬಾಯಿಗೆ ಬೀಗ ಹಾಕಿದವಳು ಇವಳೇ. ಕಾಗದ ಬರೆಯಲೇ ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ಅದು ನಿಧಾನ ಹೋಗುತ್ತದೆ, ಅಡ್ಡಿ ಇಲ್ಲ ಎಂದಳು. ನಿನ್ನ ಪಾಲಿನ ತುಂಡನ್ನು ಡಬ್ಬಿಯಲ್ಲಿ ಹಾಕಿ, ಕರೆಂಟು ಬಂದ ಮೇಲೆ ಫ್ರೀಜರಿನಲ್ಲಿ ತಾನೇ ಇಟ್ಟಿದ್ದಾಳೆ. ಅದರ ಬಳಿ ಒಂದು ಬಂಗುಡೆಯೂ ಸುಳಿಯಬಾರದು ಎಂದು ಅಜ್ಜನಿಗೆ ಕಟ್ಟಪ್ಪಣೆ. ಪಾಪ, ಅವರ ಮೀನು ಇನ್ನೂ ಸೋಫಿಯಾ ಬಾಯಿಯ ಮನೆಯಲ್ಲೇ ಉಂಟು. ನೀನು ಯಾವಾಗ ಬಂದರೂ ಆ ತುಂಡು ನಿನಗೆ ಕಾದಿರುತ್ತದೆ, ರಜೆ ಸಿಗಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇನ್ನು ಮುಂದೆ ಈ ಮನೆಯಲ್ಲಿ ಐಸ್‌ಕ್ರೀಮಿಗೆ ಮಲ್ಲಿಗೆಯ ಮುಚ್ಚಳವೇ, ಬೇರೆ ಮುಚ್ಚಳ ನಾನು ತರುವುದಿಲ್ಲ.

ನಿನ್ನ ಮಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಸೋಫಿಯಾ ಬಾಯಿಯ ಪ್ರೀತಿ ಎಡ್ವಿನ್‌ನ ಕೈಯಲ್ಲೇ ಬರುತ್ತದೆ. ನಿನ್ನ ಕೈಗೆ ಬಂದ ರೋಗಿಗಳೆಲ್ಲ ಎದ್ದು ಮನೆಗೆ ನಡೆಯಲಿ, ನಿನ್ನ ಸೊಂಟ ನೆಟ್ಟಗಿರಲಿ, ನೀನು ನಗುತ್ತಿರು. ಇದು ನಾನು ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುವುದು, ಇವತ್ತು ಬರೆದೂ ಕಳುಹಿಸುತ್ತಿದ್ದೇನೆ.

ನಿನ್ನ ಪ್ರೀತಿಯ ಅತ್ತೆ,
ಪ್ರಫುಲ್ಲಾ

ಮರೆತದ್ದು, ಸೋಮವಾರ ಬೆಳಿಗ್ಗೆ: ಎಡ್ವಿನ್‌ನ ಕಾರು ಗೇಟಿಗೆ ಬಂದಾಯಿತು, ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಪಾರ್ಸೆಲ್ಲಿನ ಸ್ಟೀಲ್ ಡಬ್ಬಿಯಲ್ಲಿ ಬಾಳೆಎಲೆ ಸುತ್ತಿದ ಒಂದು ಮಲ್ಲಿಗೆ ಮಾಲೆ ಉಂಟು. ಇವತ್ತು ಚೈತಾಲಿ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ, ಮಳೆಯಲ್ಲಿ ಸಿಕ್ಕಿದಷ್ಟು ಮೊಗ್ಗು ಕೊಯ್ದು ತಾನೇ ಕಟ್ಟಿದ್ದು. ನಾರು ಸಡಿಲ, ಗಂಟು ವಕ್ರ, ನಾನು ಸರಿಮಾಡಲು ಹೋದರೆ ಕೈ ತಳ್ಳಿದಳು. ನೀನು ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಇದನ್ನು ಮುಡಿದು ವಿಡಿಯೋ ಕಾಲ್ ಮಾಡಬೇಕಂತೆ. ಹೂ ಬಾಡುವ ಮೊದಲು, ಎಡ್ವಿನ್ ಮುಟ್ಟಿಸಿದ ಕೂಡಲೇ ಮಾಡಬೇಕಂತೆ, ಹೂ ಮುಡಿದ ನಿನ್ನನ್ನು ಕಂಡ ಮೇಲೆಯೇ ಅವಳು ಮಾತಾಡುವುದಂತೆ. ಅವಳೂ ಈಗ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹೂ ಮುಡಿದು ಶಾಲೆಗೆ ಹೊರಟು ನಿಂತಿದ್ದಾಳೆ. ಶಾಲೆಯಿಂದ ಬಂದವಳೇ ಫೋನು ಹಿಡಿದು ಮೇಜಿನ ಮೇಲೆ ಹತ್ತಿ ಕೂರುತ್ತಾಳಂತೆ, ಯಾರೂ ಇಳಿಸಬಾರದಂತೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ನನ್ನ ಬಡಾಯಿಯಲ್ಲಿ ಹೂವನ್ನೇ ಮರೆತೆ. ಕಾಗದ ಕೆಳಗಿಡು ಮಗಳೇ. ಜಡೆ ಹಾಕು.